ಒಡಲೊಳಗಿನ ಅಫೀಮು ಮತ್ತು ಅಭ್ಯಾಸದ ಗುರುತುಗಳು

ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಶ್ರಾವಕಾಚಾರವು ಗೃಹಸ್ಥನ ಮೂಲಗುಣಗಳಲ್ಲಿಯೇ ಸೇರಿಸಿದೆ. ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದು. ತಲೆಮಾರುಗಳಿಂದ ಇವುಗಳಿಂದ ದೂರವಿದ್ದ ಮನೆತನಗಳಲ್ಲಿ, ಮಾದಕ ವ್ಯಸನವೆಂಬುದು ಬೇರೆಯವರ ಮನೆಯ ಮಾತು ಎಂಬ ಭಾವನೆ ಬೆಳೆದಿರುವುದು ಸಹಜ. ಆದರೆ ಅಫೀಮಿನ ಜಾತಿಯ ದ್ರವ್ಯಗಳು ಇಂದು ಔಷಧದ ಅಂಗಡಿಯ ದಾರಿಯಿಂದಲೂ ಮನೆಯೊಳಗೆ ಬರುತ್ತವೆ. ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೊಡೀನ್, ಬೆನ್ನುನೋವಿಗೆ ಕೊಡುವ ಟ್ರಮಡಾಲ್, ಕ್ಯಾನ್ಸರಿನ ವೇದನೆಗೆ ಕೊಡುವ ಮಾರ್ಫಿನ್ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು.

ಈ ದ್ರವ್ಯಗಳ ವಿಷಯದಲ್ಲಿ ಎರಡು ವಿಪರೀತ ಅಭಿಪ್ರಾಯಗಳು ಕೇಳಿಬರುತ್ತವೆ. ವ್ಯಸನಕ್ಕೆ ಸಿಕ್ಕವನಲ್ಲಿ ಮನೋಬಲವಿಲ್ಲ, ದೃಢವಾದ ಒಂದು ಪ್ರತಿಜ್ಞೆ ಮಾಡಿದರೆ ಸಾಕು ಎಂಬುದು ಒಂದು. ಅವನ ಶರೀರವೇ ಹಾಗೆ ರಚಿತವಾಗಿದೆ, ವ್ರತದಿಂದಾಗಲಿ ಉಪದೇಶದಿಂದಾಗಲಿ ಪ್ರಯೋಜನವಿಲ್ಲ ಎಂಬುದು ಇನ್ನೊಂದು. ಶರೀರದಲ್ಲಿ ಅಭ್ಯಾಸವು ಹೇಗೆ ಗುರುತು ಮಾಡುತ್ತದೆ ಎಂಬುದನ್ನು ತಿಳಿದರೆ ಈ ಎರಡೂ ಅರ್ಧಸತ್ಯಗಳೆಂದು ಮನವರಿಕೆಯಾಗುವುದು. ಆ ತಿಳಿವಳಿಕೆಯೇ ಈ ಪಾಠದ ವಿಷಯ.

ಶರೀರವೇ ತಯಾರಿಸುವ ವೇದನಾಶಾಮಕ

ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧತಜ್ಞನು ಅದರಿಂದ ಮಾರ್ಫಿನ್ ಎಂಬ ಸಾರವನ್ನು ಬೇರ್ಪಡಿಸಿದನು. ಎಲ್ಲಿಯೋ ಬೆಳೆಯುವ ಒಂದು ಗಿಡದ ರಸವು ಮನುಷ್ಯನ ನೋವನ್ನು ತಣಿಸಬೇಕಾದರೆ, ಬೀಗಕ್ಕೆ ಕೀಲಿ ಹೊಂದುವಂತೆ ಅದಕ್ಕೆ ಹೊಂದುವ ಸ್ಥಾನವೊಂದು ಮನುಷ್ಯನ ನರಗಳಲ್ಲಿಯೇ ಇರಬೇಕು. 1973ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಪರ್ಟ್ ಮತ್ತು ಸ್ನೈಡರ್, ನ್ಯೂಯಾರ್ಕಿನಲ್ಲಿ ಸೈಮನ್, ಸ್ವೀಡನ್ನಿನ ಉಪ್ಸಾಲದಲ್ಲಿ ಟೆರೇನಿಯಸ್ ಇವರ ಪ್ರಯೋಗಗಳು ಅಂತಹ ಸ್ಥಾನಗಳಿರುವುದನ್ನು ತೋರಿಸಿದವು. ಇವಕ್ಕೆ ಗ್ರಾಹಕಗಳೆಂದು ಹೆಸರು.

ಗಿಡದ ರಸಕ್ಕಾಗಿ ಶರೀರವು ಬೀಗವೊಂದನ್ನು ಸಿದ್ಧಮಾಡಿಟ್ಟುಕೊಂಡಿರಲಾರದು. ಶರೀರದಲ್ಲಿಯೇ ಹುಟ್ಟುವ ಕೀಲಿಯೊಂದು ಇರಲೇಬೇಕೆಂದು ಹುಡುಕಿದ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಎಂಬ ವಿಜ್ಞಾನಿಗಳು 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಎರಡು ಕಿರಿಯ ದ್ರವ್ಯಗಳನ್ನು ಗುರುತಿಸಿದರು. ಐದೈದು ಅಮೈನೋ ಆಮ್ಲಗಳಿಂದಾದ ಇವಕ್ಕೆ ಎನ್‌ಕೆಫಾಲಿನ್ ಎಂದು ಹೆಸರಾಯಿತು. ಬಳಿಕ 31 ಅಮೈನೋ ಆಮ್ಲಗಳ ಬೀಟಾ ಎಂಡಾರ್ಫಿನ್, ಅನಂತರ ಡೈನಾರ್ಫಿನ್ ತಿಳಿದುಬಂದವು. ಇವು ಕೂಡುವ ಮುಖ್ಯ ಗ್ರಾಹಕಗಳು ಮೂರು: ಮ್ಯೂ, ಡೆಲ್ಟಾ ಮತ್ತು ಕಪ್ಪಾ. ಹೊರಗಿನಿಂದ ಬರುವ ಮಾರ್ಫಿನ್ ಮುಖ್ಯವಾಗಿ ಮ್ಯೂ ಗ್ರಾಹಕವನ್ನು ಹಿಡಿಯುತ್ತದೆ.

ಈ ವ್ಯವಸ್ಥೆಯನ್ನು ಸುಖದ ಭಂಡಾರವೆಂದು ಮಾತ್ರ ತಿಳಿಯಬಾರದು. ಡೈನಾರ್ಫಿನ್ ಕಪ್ಪಾ ಗ್ರಾಹಕವನ್ನು ಸೇರಿದಾಗ ಉಂಟಾಗುವುದು ಅಸಮಾಧಾನ ಮತ್ತು ತಳಮಳ. ನೋವು, ಉಸಿರಾಟ, ಕರುಳಿನ ಚಲನೆ, ಒತ್ತಡ, ಆಹಾರದ ರುಚಿ, ತಾಯಿಮಕ್ಕಳ ಮಮತೆ ಇವೆಲ್ಲದರಲ್ಲಿಯೂ ಇದರ ಕೈವಾಡವುಂಟು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪರೀಕ್ಷೆ ನಡೆಯಿತು. ಔಷಧವಿಲ್ಲದ ಹುಸಿಮದ್ದನ್ನು ಪಡೆದು, ನೋವು ಇಳಿಯಿತೆಂದ ರೋಗಿಗಳಿಗೆ ಅಫೀಮಿನ ಗ್ರಾಹಕಗಳನ್ನು ಮುಚ್ಚುವ ನಲಾಕ್ಸೋನ್ ಕೊಟ್ಟಾಗ ನೋವು ಮರಳಿ ಹೆಚ್ಚಿತು. ಗುಣವಾಗುವೆನೆಂಬ ಭರವಸೆಯೂ ಒಡಲೊಳಗಿನ ಈ ಅಫೀಮನ್ನೇ ಬಳಸಿಕೊಳ್ಳುತ್ತದೆ ಎಂದು ಅದರಿಂದ ತಿಳಿಯಿತು.

ಓಲೆ ಒಂದೇ, ಓದು ಬೇರೆ

ಎಂಡಾರ್ಫಿನ್, ಎನ್‌ಕೆಫಾಲಿನ್, ಡೈನಾರ್ಫಿನ್ ಇವುಗಳ ತಯಾರಿಕೆಗೂ ಮೂರು ಗ್ರಾಹಕಗಳ ತಯಾರಿಕೆಗೂ ಬೇಕಾದ ಬರಹವು ಜೀವಕೋಶದಲ್ಲಿರುವ ವಂಶವಾಹಿಗಳಲ್ಲಿದೆ. ಈ ಬರಹವು ಡಿ.ಎನ್.ಎ. ಎಂಬ ನೀಳವಾದ ಎಳೆಯಲ್ಲಿ ಅಡಗಿದೆ. ಒಂದು ಜೀವಕೋಶದ ಎಳೆಯನ್ನು ಬಿಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅಷ್ಟು ಉದ್ದದ ಎಳೆಯು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಅಡಕವಾಗಿರುತ್ತದೆ. ಯಕೃತ್ತಿನ ಕೋಶದಲ್ಲಿರುವುದೂ ಮೆದುಳಿನ ಕೋಶದಲ್ಲಿರುವುದೂ ಒಂದೇ ಬರಹ. ಆದರೆ ಯಾವ ಭಾಗ ಓದಲ್ಪಡಬೇಕು, ಯಾವುದು ಮುಚ್ಚಿರಬೇಕು ಎಂಬುದು ಕೋಶದಿಂದ ಕೋಶಕ್ಕೆ ಬೇರೆ.

ಇದಕ್ಕೆ ಜೈನ ಗೃಹಸ್ಥರಿಗೆ ಪರಿಚಿತವಾದ ಒಂದು ದೃಷ್ಟಾಂತವುಂಟು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಬಹುಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಅಧ್ಯಯನಕ್ಕೆ ತೆರೆದಿರಲಿಲ್ಲ. ಮುಂದೆ ಅವುಗಳ ಪ್ರತಿಗಳಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲೆಯ ಮೊದಲ ಸಂಪುಟವು ಅಚ್ಚಾಯಿತು. ಓಲೆಯ ಮೇಲಿನ ಅಕ್ಷರಗಳು ಅಂದೂ ಇಂದೂ ಅವೇ. ಕಟ್ಟು ಬಿಚ್ಚಿದ್ದರಿಂದ ಓದು ಸಾಧ್ಯವಾಯಿತು. ವಂಶವಾಹಿಯ ವಿಷಯವೂ ಹೀಗೆಯೇ. ಅಕ್ಷರ ಬದಲಾಗದೆ ಓದು ಬದಲಾಗುವ ಈ ಕ್ರಮವನ್ನು ಅಭ್ಯಾಸಮಾಡುವ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಬ್ರಿಟಿಷ್ ವಿಜ್ಞಾನಿ ವಾಡಿಂಗ್ಟನ್ 1942ರಲ್ಲಿ ಈ ಪದವನ್ನು ಬಳಕೆಗೆ ತಂದನು.

ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಕೋಶದಲ್ಲಿ ಹಲವು ವಿಧಾನಗಳಿವೆ. ಅವುಗಳಲ್ಲಿ ಎರಡನ್ನು ತಿಳಿದರೆ ಈ ಪಾಠಕ್ಕೆ ಸಾಕು. ಮೊದಲನೆಯದು ಮೀಥೈಲ್ ಗುರುತು. ವಂಶವಾಹಿಯ ಆರಂಭದ ಭಾಗದಲ್ಲಿರುವ ಸೈಟೋಸಿನ್ ಎಂಬ ಅಕ್ಷರಕ್ಕೆ ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ಗುಂಪು ಅಂಟಿಕೊಳ್ಳುತ್ತದೆ. ಆರಂಭದಲ್ಲಿ ಇಂತಹ ಗುರುತುಗಳು ಹೆಚ್ಚಿದರೆ ಸಾಮಾನ್ಯವಾಗಿ ಆ ವಂಶವಾಹಿಯ ಓದು ಕುಗ್ಗುತ್ತದೆ. ಎರಡನೆಯದು ಅಸೆಟೈಲ್ ಗುರುತು. ಇದು ಹಿಸ್ಟೋನ್ ಉಂಡೆಗೆ ಅಂಟಿದಾಗ ಸುತ್ತು ಸಡಿಲವಾಗಿ ಓದು ಸುಗಮವಾಗುತ್ತದೆ. ಗುರುತನ್ನು ಅಂಟಿಸುವ ಕಿಣ್ವಗಳೂ ಅದನ್ನು ಕಳಚುವ ಕಿಣ್ವಗಳೂ ಕೋಶದಲ್ಲಿಯೇ ಇವೆ. ಉಣ್ಣುವ ಆಹಾರ, ಅನುಭವಿಸುವ ಒತ್ತಡ, ಸೇವಿಸುವ ಔಷಧ ಇವು ಆ ಕಿಣ್ವಗಳ ಕೆಲಸದ ಮೇಲೆ ಪ್ರಭಾವ ಬೀರುತ್ತವೆ.

ಅಫೀಮು ಬಿಟ್ಟುಹೋಗುವ ಗುರುತು

ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧವನ್ನು ನಿಯತ ಪ್ರಮಾಣದಲ್ಲಿ ಕೊಟ್ಟು ಬದುಕನ್ನು ಸರಿಪಡಿಸುವ ಚಿಕಿತ್ಸೆಯು ನ್ಯೂಯಾರ್ಕಿನ ರಾಕಫೆಲ್ಲರ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು. ಅದೇ ಸಂಸ್ಥೆಯ ಸಂಶೋಧಕರು 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೆಥಡೋನ್ ಚಿಕಿತ್ಸೆಯಲ್ಲಿದ್ದ ಹಿಂದಿನ ಹೆರಾಯಿನ್ ವ್ಯಸನಿಗಳ ರಕ್ತದ ಬಿಳಿಕಣಗಳಲ್ಲಿ, ಮ್ಯೂ ಗ್ರಾಹಕದ ವಂಶವಾಹಿಯ ಆರಂಭದ ಭಾಗದ ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿ ಮೀಥೈಲ್ ಗುರುತು ಇತರರಿಗಿಂತ ಹೆಚ್ಚಾಗಿತ್ತು.

2013ರಲ್ಲಿ ಯುರೋಪಿನ ಸಂಶೋಧಕರು ಇದನ್ನು ಮತ್ತೆ ಪರೀಕ್ಷಿಸಿದರು. ಮೆಥಡೋನ್ ಪಡೆಯುತ್ತಿದ್ದವರಲ್ಲಿ ಮೀಥೈಲ್ ಗುರುತು ಹೆಚ್ಚಾಗಿದ್ದುದು ಮಾತ್ರವಲ್ಲದೆ, ವೈದ್ಯರ ಆದೇಶದಂತೆ ನೋವಿಗಾಗಿ ಅಫೀಮಿನ ಜಾತಿಯ ಔಷಧವನ್ನು ಪಡೆಯುತ್ತಿದ್ದ ರೋಗಿಗಳಲ್ಲಿಯೂ ಅದು ಹೆಚ್ಚಾಗಿತ್ತು. ಇದು ಗಮನಾರ್ಹ. ಗುರುತು ಮಾಡುವ ದ್ರವ್ಯಕ್ಕೆ ಸೇವಿಸುವವನ ಉದ್ದೇಶ ತಿಳಿಯದು. ಚಪಲದಿಂದ ಸೇವಿಸಿದವನ ಶರೀರವೂ ವೇದನೆಯಿಂದ ಸೇವಿಸಿದವನ ಶರೀರವೂ ಒಂದೇ ಬಗೆಯಲ್ಲಿ ಗುರುತು ಹೊರುತ್ತವೆ. ಆದರೆ ಅದೇ ಅಧ್ಯಯನದಲ್ಲಿ, ಈ ಗುರುತಿನಿಂದ ಗ್ರಾಹಕದ ವಂಶವಾಹಿಯ ಓದು ಕೂಡಲೇ ಕುಗ್ಗಿದಂತೆ ಕಂಡುಬರಲಿಲ್ಲ. ಗುರುತು ಬಿದ್ದಿತೆಂದೊಡನೆ ಬಾಗಿಲು ಮುಚ್ಚಿತೆಂದು ಅವಸರದಿಂದ ಹೇಳಬಾರದೆಂಬ ಎಚ್ಚರಿಕೆ ಇದರಲ್ಲಿದೆ. ರಕ್ತದ ಕಣದಲ್ಲಿ ಕಂಡುದು ಮೆದುಳಿನಲ್ಲಿಯೂ ಹಾಗೆಯೇ ಇರುವುದೆಂಬ ನಿಯಮವೂ ಇಲ್ಲ.

2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಶಿಶುಗಳನ್ನು ಕುರಿತದ್ದು. ಗರ್ಭದಲ್ಲಿರುವಾಗಲೇ ಅಫೀಮಿನ ಜಾತಿಯ ದ್ರವ್ಯಕ್ಕೆ ಒಗ್ಗಿದ ಶಿಶು, ಹುಟ್ಟಿದೊಡನೆ ಆ ದ್ರವ್ಯ ನಿಂತುಹೋದಾಗ ನಡುಗುತ್ತದೆ, ಎಡೆಬಿಡದೆ ಅಳುತ್ತದೆ, ಹಾಲನ್ನು ಸರಿಯಾಗಿ ಕುಡಿಯದು. ಮ್ಯೂ ಗ್ರಾಹಕದ ವಂಶವಾಹಿಯಲ್ಲಿ ಮೀಥೈಲ್ ಗುರುತು ಹೆಚ್ಚಾಗಿದ್ದ ಶಿಶುಗಳಲ್ಲಿ ಈ ಬಾಧೆಯ ತೀವ್ರತೆಯೂ ಹೆಚ್ಚಾಗಿ ಕಂಡುಬಂದಿತು. ಯಾವ ಸಂಕಲ್ಪವನ್ನೂ ಮಾಡದ, ಯಾವ ತಪ್ಪನ್ನೂ ಎಸಗದ ಕೂಸಿನಲ್ಲಿ ಇದು ಕಾಣುವಾಗ, ವ್ಯಸನಬಾಧೆಯೆಲ್ಲವೂ ಮನೋದೌರ್ಬಲ್ಯವೆಂಬ ಮಾತು ನಿಲ್ಲುವುದಿಲ್ಲ.

ನಾಲಗೆಯ ರುಚಿಯೂ ಇದೇ ದಾರಿಯಲ್ಲಿ

ಸೂಜಿ ಚುಚ್ಚುವ ಮುನ್ನ ನವಜಾತ ಶಿಶುವಿನ ಬಾಯಿಗೆ ಸಕ್ಕರೆನೀರಿನ ಹನಿಗಳನ್ನು ಬಿಟ್ಟರೆ ಅದರ ಅಳು ಕಡಿಮೆಯಾಗುತ್ತದೆ. ಇಲಿಮರಿಗಳಲ್ಲಿ ಅಫೀಮಿನ ಗ್ರಾಹಕಗಳನ್ನು ಮುಚ್ಚಿದಾಗ ಸಿಹಿಯ ಈ ಶಮನಶಕ್ತಿ ಇಲ್ಲವಾಯಿತು. ಸಿಹಿ ಮತ್ತು ಜಿಡ್ಡಿನ ಸುಖವು ಒಡಲೊಳಗಿನ ಅಫೀಮಿನ ಮೂಲಕವೂ ಹರಿಯುತ್ತದೆಂಬುದಕ್ಕೆ ಇದು ಒಂದು ಸೂಚನೆ.

ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು 2010 ಮತ್ತು 2011ರಲ್ಲಿ ಪ್ರಕಟವಾದವು. ಬಸಿರಿನಲ್ಲಿಯೂ ಹಾಲೂಡಿಸುವಾಗಲೂ ಅತಿ ಜಿಡ್ಡಿನ ಆಹಾರ ತಿಂದ ತಾಯಿಲಿಗಳ ಮರಿಗಳು ಬೆಳೆದಮೇಲೆ ಸಿಹಿಯನ್ನೂ ಜಿಡ್ಡನ್ನೂ ಹೆಚ್ಚಾಗಿ ಬಯಸಿದವು. ಅವುಗಳ ಮೆದುಳಿನಲ್ಲಿ ಮ್ಯೂ ಗ್ರಾಹಕ ಮತ್ತು ಎನ್‌ಕೆಫಾಲಿನ್ ವಂಶವಾಹಿಗಳ ಮೀಥೈಲ್ ಗುರುತು ಕಡಿಮೆಯಾಗಿ ಓದು ಹೆಚ್ಚಿತ್ತು. ಸ್ವತಃ ದೀರ್ಘಕಾಲ ಜಿಡ್ಡಿನ ಆಹಾರ ತಿಂದ ಇಲಿಗಳಲ್ಲಿ ಇದಕ್ಕೆ ವಿರುದ್ಧವಾಗಿ ಮ್ಯೂ ಗ್ರಾಹಕದ ಗುರುತು ಹೆಚ್ಚಿ ಓದು ಕುಗ್ಗಿತ್ತು. ಗ್ರಾಹಕ ಕುಗ್ಗಿದರೆ ಅದೇ ತುತ್ತಿನಿಂದ ದೊರೆಯುವ ತೃಪ್ತಿಯೂ ಕುಗ್ಗಿ, ಇನ್ನಷ್ಟು ಬೇಕೆಂಬ ಹಂಬಲ ಬೆಳೆಯುವುದೆಂದು ಊಹಿಸಲಾಗಿದೆ. 2009ರಲ್ಲಿ ಬರ್ಲಿನ್ನಿನಲ್ಲಿ ನಡೆದ ಪ್ರಯೋಗದಲ್ಲಿ, ಎಳವೆಯಲ್ಲಿ ಅತಿಯಾಗಿ ಹಾಲುಂಡ ಇಲಿಮರಿಗಳ ಮೆದುಳಿನಲ್ಲಿ, ಎಂಡಾರ್ಫಿನ್ನಿಗೂ ಹೊಟ್ಟೆತುಂಬಿದ ಅರಿವಿಗೂ ಮೂಲವಾದ ವಂಶವಾಹಿಯ ಮೇಲೆ ಮೀಥೈಲ್ ಗುರುತು ಹೆಚ್ಚಾಗಿತ್ತು.

ಈ ಅರಿವು ಮೂಕಪ್ರಾಣಿಗಳ ಸಂಕಟದಿಂದ ಬಂದುದೆಂಬುದು ಅಹಿಂಸಾಣುವ್ರತಿಗಳಿಗೆ ನೋವಿನ ಸಂಗತಿ. ಅದನ್ನು ಮರೆಮಾಚಿ ಫಲವನ್ನು ಮಾತ್ರ ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪದು. ಇನ್ನು, ಇವು ಇಲಿಗಳ ಮೇಲೆ ಜಿಡ್ಡಿನ ಆಹಾರದಿಂದ ನಡೆದ ಪ್ರಯೋಗಗಳು. ಉಪವಾಸದ ಫಲವನ್ನು ಅಳೆದ ಪ್ರಯೋಗಗಳಲ್ಲ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಕೆಲವನ್ನೋ ಬಿಡುವ ರಸಪರಿತ್ಯಾಗವನ್ನು ವಿಜ್ಞಾನವು ಸಾಧಿಸಿ ತೋರಿಸಿತೆಂದು ಹೇಳುವುದು ಅತಿಶಯೋಕ್ತಿ. ಮೀಥೈಲ್ ಗುರುತನ್ನು ಕರ್ಮಪುದ್ಗಲವೆಂದು ವ್ಯಾಖ್ಯಾನಿಸುವುದೂ ಸಲ್ಲದು. ಒಂದು ಪ್ರಯೋಗಶಾಲೆಯಲ್ಲಿ ಅಳೆಯಬಹುದಾದ ರಸಾಯನ, ಇನ್ನೊಂದು ಆಗಮದ ತತ್ತ್ವ. ಗೃಹಸ್ಥನು ಇಲ್ಲಿಂದ ತೆಗೆದುಕೊಳ್ಳಬಹುದಾದ ಪಾಠ ಸರಳವಾದುದು: ರುಚಿಯ ಹಂಬಲವು ನಾಲಗೆಯ ತುದಿಯಲ್ಲಿ ಆಗಷ್ಟೇ ಹುಟ್ಟಿ ಸಾಯುವಂಥದಲ್ಲ, ಬಹುಕಾಲದ ಊಟವು ಅದನ್ನು ಒಳಗೆ ರೂಪಿಸುತ್ತದೆ. ಮಕ್ಕಳ ತಟ್ಟೆಯನ್ನು ಹದವಾಗಿಡಬೇಕಾದುದಕ್ಕೆ ಇದೂ ಒಂದು ಕಾರಣ.

ಗುರುತು ಅಳಿಯಬಲ್ಲುದೇ?

ಮೀಥೈಲ್ ಗುರುತು ಒಮ್ಮೆ ಬಿದ್ದರೆ ಕೋಶ ವಿಭಾಗವಾಗುವಾಗ ತಾನಾಗಿ ಮಾಸುವುದಲ್ಲದೆ ಬೇರೆ ದಾರಿಯಿಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. 2009ರಲ್ಲಿ ಟೆಟ್ ಎಂಬ ಕಿಣ್ವಗಳ ಕೆಲಸವು ಬೆಳಕಿಗೆ ಬಂದಾಗ, ಗುರುತನ್ನು ಹಂತಹಂತವಾಗಿ ಮಾರ್ಪಡಿಸಿ ಕಳಚುವ ವ್ಯವಸ್ಥೆ ಕೋಶದಲ್ಲಿದೆಯೆಂದು ತಿಳಿಯಿತು. ತಂದೆತಾಯಿಗಳ ಗುರುತುಗಳಲ್ಲಿ ಬಹುಪಾಲು ಗರ್ಭಧಾರಣೆಯ ಆರಂಭದಲ್ಲಿಯೇ ಅಳಿಸಲ್ಪಟ್ಟು ಹೊಸದಾಗಿ ಬರೆಯಲ್ಪಡುತ್ತವೆ. ಆದುದರಿಂದ ತಂದೆಯ ವ್ಯಸನವು ಮಗನ ಹಣೆಬರಹವೆಂದು ಯಾರೂ ಹೇಳಲಾಗದು. ಅಂತಹ ಮನೆಯ ಮಕ್ಕಳ ಸಂಬಂಧ ಬೆಳೆಸಲು ಹಿಂಜರಿಯುವವರು ಇದನ್ನು ಗಮನಿಸಬೇಕು.

ಆದರೆ ಅಳಿಯುವುದಕ್ಕೆ ಕಾಲ ಬೇಕು. ಹೆರಾಯಿನ್ನಿನಂತಹ ದ್ರವ್ಯವನ್ನು ಬಿಟ್ಟಾಗ ಮೈನಡುಕ, ಬೆವರು, ವಾಂತಿ, ಭೇದಿ, ನಿದ್ರಾಹೀನತೆ ಮುಂತಾದ ಬಾಧೆಗಳು ಕೆಲವು ದಿನಗಳಲ್ಲಿ ಇಳಿಯುತ್ತವೆ. ಹಂಬಲವಾದರೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮರಳಿ ಮರಳಿ ಬರುತ್ತದೆ. ಮೆದುಳಿನಲ್ಲಿ ಉಳಿಯುವ ಇಂತಹ ಗುರುತುಗಳು ಅದರ ಕಾರಣಗಳಲ್ಲೊಂದೆಂದು ವಿಜ್ಞಾನಿಗಳು ಪರಿಗಣಿಸುತ್ತಾರೆ. ಪರಿಮಿತ ಕಾಲದ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವ ತ್ಯಾಗವನ್ನು ಯಮವೆಂದೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಭಾಗಿಸಿದ್ದಾರೆ. ವ್ಯಸನದಿಂದ ಹೊರಬರುವವನಿಗೆ ಮೊದಲು ದಿನದ ನಿಯಮ, ಬಳಿಕ ವಾರದ್ದು, ತಿಂಗಳದ್ದು ಎಂಬ ಕ್ರಮವು ಹೊಂದುತ್ತದೆ. ನಡುವೆ ಒಮ್ಮೆ ಎಡವಿದವನು ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ.

ಗೃಹಸ್ಥರು ಗಮನಿಸಬೇಕಾದ ವಿಷಯಗಳು

1. ಔಷಧವೂ ವ್ಯಸನವೂ ಒಂದಲ್ಲ. ಕ್ಯಾನ್ಸರಿನಂತಹ ರೋಗದಲ್ಲಿ ವೈದ್ಯರು ಅಳೆದು ಕೊಡುವ ಮಾರ್ಫಿನ್ ವ್ಯಸನವಲ್ಲ. ಹಾನಿಯೆಂದು ತಿಳಿದೂ ತಡೆಯಲಾರದೆ ಸೇವಿಸುವುದು ವ್ಯಸನ. ಮನೆಯ ಹಿರಿಯರು ಮಾರ್ಫಿನ್ನಿನ ಹೆಸರು ಕೇಳಿ ಅಂಜಿದರೆ ಈ ಭೇದವನ್ನು ತಾಳ್ಮೆಯಿಂದ ತಿಳಿಸಬೇಕು. ಔಷಧದಾನವು ಚತುರ್ವಿಧ ದಾನಗಳಲ್ಲೊಂದು ಎಂಬುದನ್ನೂ ನೆನಪಿಸಬೇಕು.

2. ಅಷ್ಟಮಿ, ಚತುರ್ದಶಿ, ನೋಂಪಿಗಳ ದಿನ ಗುಳಿಗೆಯನ್ನು ತಾವಾಗಿಯೇ ಬಿಡಬಾರದು. ಬಹುಕಾಲ ಸೇವಿಸಿದ ಅಫೀಮಿನ ಜಾತಿಯ ಔಷಧವನ್ನು ಒಮ್ಮೆಗೇ ನಿಲ್ಲಿಸಿದರೆ ಹಳೆಯ ನೋವಿನೊಡನೆ ಬಿಡುಗಡೆಯ ಬಾಧೆಯೂ ಸೇರಿಕೊಳ್ಳುತ್ತದೆ. ರಾತ್ರಿಭೋಜನತ್ಯಾಗವನ್ನೋ ಉಪವಾಸವನ್ನೋ ಪಾಲಿಸುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಹನ್ನೆರಡು ಗಂಟೆಗೊಮ್ಮೆ ಸಾಕಾಗುವ ಗುಳಿಗೆಗಳೂ ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿಗಳೂ ಇವೆ. ರೋಗಿಗೆ ಯಾವುದು ತಕ್ಕುದೆಂದು ವೈದ್ಯರೇ ನಿರ್ಣಯಿಸಬೇಕು.

3. ವ್ಯಸನ ಬಿಡುವ ಮೊದಲ ದಿನಗಳಲ್ಲಿ ನಿರ್ಜಲ ಉಪವಾಸ ಸಲ್ಲದು. ವಾಂತಿ, ಭೇದಿ, ಬೆವರಿನಿಂದ ಶರೀರವು ನೀರನ್ನೂ ಲವಣಗಳನ್ನೂ ಕಳೆದುಕೊಂಡಿರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಹೆಸರೇ ಶಕ್ತಿತಸ್ತಪ. ಶಕ್ತಿಗೆ ತಕ್ಕ ತಪಸ್ಸೇ ವಿಹಿತವಾದುದು.

4. ದಶಲಕ್ಷಣ ಪರ್ವದ ಅನಂತರದ ಅಪಾಯವನ್ನು ತಿಳಿದಿರಬೇಕು. ವ್ಯಸನಿಯು ಹತ್ತು ದಿನ ದ್ರವ್ಯವನ್ನು ಬಿಟ್ಟರೆ ಅದನ್ನು ತಡೆದುಕೊಳ್ಳುವ ಶರೀರದ ಶಕ್ತಿಯು ತಗ್ಗುತ್ತದೆ. ಪರ್ವ ಮುಗಿದ ಮೇಲೆ ಹಿಂದಿನಷ್ಟೇ ಪ್ರಮಾಣವನ್ನು ತೆಗೆದುಕೊಂಡರೆ ಉಸಿರಾಟ ಕುಂದಿ ಪ್ರಾಣವೇ ಹೋಗಬಹುದು. ಆಸ್ಪತ್ರೆಯಿಂದ, ಸೆರೆಮನೆಯಿಂದ, ವ್ಯಸನಮುಕ್ತಿ ಶಿಬಿರದಿಂದ ಮರಳಿದವರಿಗೂ ಇದೇ ಅಪಾಯವುಂಟು. ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಎಬ್ಬಿಸಿದರೂ ಏಳದವನನ್ನು ನಿದ್ರೆಯೆಂದು ಬಿಡದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ನಲಾಕ್ಸೋನ್ ಸಕಾಲದಲ್ಲಿ ದೊರೆತರೆ ಪ್ರಾಣ ಉಳಿಯುತ್ತದೆ.

5. ಬದಲಿ ಔಷಧದ ಚಿಕಿತ್ಸೆಯನ್ನು ಹಳಿಯಬಾರದು. ಮೆಥಡೋನ್, ಬ್ಯುಪ್ರೆನಾರ್ಫಿನ್ ಇವುಗಳನ್ನು ಒಂದು ಅಫೀಮಿಗೆ ಬದಲಾಗಿ ಇನ್ನೊಂದು ಅಫೀಮು ಎಂದು ಕೆಲವರು ತಿರಸ್ಕರಿಸುತ್ತಾರೆ. ನಿಯತ ಪ್ರಮಾಣದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ದೊರೆಯುವ ಇವು ಏರಿಳಿತವನ್ನು ತಪ್ಪಿಸಿ, ಮರಣದ ಅಪಾಯವನ್ನು ಕಡಿಮೆಮಾಡಿ, ದುಡಿಮೆಗೂ ಸಂಸಾರಕ್ಕೂ ಮರಳಲು ಅವಕಾಶ ಕೊಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.

6. ಮನೆಯವರ ಕರ್ತವ್ಯ. ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣ ಎಂಬ ಎರಡುಂಟು. ಜಾರಿದವನ ದೋಷವನ್ನು ಊರಿಗೆಲ್ಲ ಸಾರದಿರುವುದು ಉಪಗೂಹನ, ಅವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಸ್ಥಿತಿಕರಣ. ಆದರೆ ದೋಷವನ್ನು ವೈದ್ಯರಿಂದಲೂ ಮರೆಮಾಡಿದರೆ ಮೊದಲನೆಯದರ ಹೆಸರಿನಲ್ಲಿ ಎರಡನೆಯದು ಕೆಡುತ್ತದೆ. ಮಾನ ಹೋಗುವುದೆಂಬ ಭಯದಿಂದ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಪ್ರಾಣ ಕಳೆದುಕೊಂಡರೆ ಉಳಿದ ಮಾನದಿಂದ ಫಲವೇನು?

ಪಾಠದ ಸಾರ

ನೋವಿಗೂ ಸುಖಕ್ಕೂ ಬೇಕಾದ ಅಫೀಮು ಪ್ರತಿಯೊಬ್ಬರ ಒಡಲಿನಲ್ಲಿಯೂ ಇದೆ. ಹೊರಗಿನ ದ್ರವ್ಯದ ದೀರ್ಘಸೇವನೆಯೂ ಆಹಾರದ ಅತಿಯೂ ಅದರ ವಂಶವಾಹಿಗಳ ಮೇಲೆ ಗುರುತು ಮಾಡಬಲ್ಲವು. ಗುರುತಿರುವುದರಿಂದ ಪ್ರತಿಜ್ಞೆಯೊಂದೇ ಸಾಲದು, ಚಿಕಿತ್ಸೆಯ ಆಸರೆ ಬೇಕು. ಗುರುತು ಅಕ್ಷರವನ್ನು ಅಳಿಸದಿರುವುದರಿಂದ ನಿರಾಶೆಗೂ ಕಾರಣವಿಲ್ಲ. ವೈದ್ಯರ ಔಷಧ, ಮನೆಯವರ ಸಹನೆ, ಶಕ್ತಿಗೆ ತಕ್ಕ ನಿಯಮ ಈ ಮೂರೂ ಕೂಡಿದಲ್ಲಿ ಜಾರಿದವನು ನೆಲೆಗೆ ಬರಬಲ್ಲನು.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಶರೀರದಲ್ಲಿ ಅಫೀಮಿನ ಗ್ರಾಹಕಗಳು ಏತಕ್ಕಿವೆ? ಅವುಗಳಿಗೆ ಹೊಂದುವ ಒಡಲಿನ ದ್ರವ್ಯಗಳು ಯಾವುವು?

2. ಮೀಥೈಲ್ ಗುರುತಿಗೂ ಅಸೆಟೈಲ್ ಗುರುತಿಗೂ ಇರುವ ಭೇದವನ್ನು ತಾಳೆಯೋಲೆಯ ದೃಷ್ಟಾಂತದಿಂದ ವಿವರಿಸಿರಿ.

3. 2013ರ ಅಧ್ಯಯನದಿಂದ ದೊರೆತ ತಿಳಿವಳಿಕೆ ಯಾವುದು? ಅದರಲ್ಲಿರುವ ಎಚ್ಚರಿಕೆ ಯಾವುದು?

4. ಹತ್ತು ದಿನದ ತ್ಯಾಗದ ಬಳಿಕ ಹಳೆಯ ಪ್ರಮಾಣವು ಪ್ರಾಣಾಂತಕವಾಗುವುದೇಕೆ?

5. ಉಪಗೂಹನವು ಸ್ಥಿತಿಕರಣಕ್ಕೆ ಅಡ್ಡಿಯಾಗದಂತೆ ಮನೆಯವರು ಹೇಗೆ ನಡೆಯಬೇಕು?